ಗೊಮ್ಮಟಮೂರ್ತಿಯ ಉನ್ನತಿಯೂ ಮಾನಪ್ರಾಮಾಣ್ಯವಿಚಾರವೂ

ಹಾಸನ ಜಿಲ್ಲೆಯ ಚನ್ನರಾಯಪಟ್ಟಣ ತಾಲ್ಲೂಕಿಗೆ ಸೇರಿದ ಶ್ರವಣಬೆಳ್ಗೊಳದಲ್ಲಿ ಚಾವುಂಡರಾಯನು ಮಾಡಿಸಿದ ಗೊಮ್ಮಟಮೂರ್ತಿಯ ಕಾಲ, ಶಿಲ್ಪ, ಶಾಸನ ಇವುಗಳ ವಿಷಯವಾಗಿ ವಿದ್ವಾಂಸರು ಬೇಕಾದಷ್ಟು ಚರ್ಚಿಸಿರುತ್ತಾರೆ. ಆದರೆ ಅದರ ಎತ್ತರವೆಷ್ಟೆಂಬ ಅತಿಸುಲಭವಾದ ಪ್ರಶ್ನೆಗೆ ಗ್ರಂಥಗಳು ಕೊಡುವ ಉತ್ತರಗಳನ್ನು ಒಂದೆಡೆ ಇಟ್ಟು ನೋಡಿದರೆ ಆಶ್ಚರ್ಯವುಂಟಾಗುತ್ತದೆ. 1807ರಲ್ಲಿ ಅಚ್ಚಾದ ಬುಕಾನನ್ ಸಾಹೇಬನ ಪ್ರವಾಸಗ್ರಂಥದ ಲೆಕ್ಕ 70 ಅಡಿ 3 ಅಂಗುಲ. ಸರ್ ಆರ್ಥರ್ ವೆಲ್ಲೆಸ್ಲಿಯದೆಂದು ಹೇಳುವ ಲೆಕ್ಕ 60 ಅಡಿ 3 ಅಂಗುಲ. ಮೈಸೂರಿನ ಚೀಫ್ ಕಮಿಷನರಾಗಿದ್ದ ಬೌರಿಂಗ್ ಅವರದು 57 ಅಡಿ. ಇಪ್ಪತ್ತನೆಯ ಶತಮಾನದಲ್ಲಿ ಥಿಯೋಡೊಲೈಟ್ ಯಂತ್ರವಿಟ್ಟು ನೋಡಿದವರದು 58 ಅಡಿ 8 ಅಂಗುಲ. ಶಿಲೆಯೊಂದೇ, ಬೆಟ್ಟವೊಂದೇ, ಮೊದಲ ಲೆಕ್ಕಕ್ಕೂ ಮೂರನೆಯದಕ್ಕೂ ನಡುವೆ ಎರಡಾಳೆತ್ತರಕ್ಕಿಂತ ಹೆಚ್ಚಾದ ಅಂತರ.

ಇಂಥಲ್ಲಿ ನಮ್ಮ ಲೇಖಕರು ಸಾಮಾನ್ಯವಾಗಿ ಹಿಡಿಯುವ ದಾರಿಯೆಂದರೆ, ಹಿಂದಿನವರು ತಪ್ಪಿದರೆಂದು ಹೇಳಿ ತಮಗೆ ಹತ್ತಿರವಾದ ಅಂಕಿಯನ್ನು ಬರೆದುಕೊಳ್ಳುವುದು. ಪಾಠಪುಸ್ತಕಗಳಲ್ಲಿ 57 ಎಂದೂ 58 ಎಂದೂ ಕಾಣುವುದು ಹೀಗೆಯೇ. ಯಾವ ಅಂಕಿ ಸರಿಯೆಂಬುದಕ್ಕಿಂತ ಮೊದಲು ಕೇಳತಕ್ಕ ಪ್ರಶ್ನೆ ಬೇರೆ ಇದೆ. ಅಳೆದ ಕೋಲು ಯಾವುದು, ಆ ಕೋಲನ್ನು ಯಾವ ಕೋಲಿನೊಡನೆ ತಾಳೆನೋಡಿತ್ತು, ಅಳೆದವನು ಅಳೆಯಬಲ್ಲವನೆಂದು ಹೇಳಿದವರು ಯಾರು? ಈ ಮೂರಕ್ಕೂ ಉತ್ತರವಿಲ್ಲದ ಅಂಕಿಯು ಆಪ್ತನಿಲ್ಲದ ಆಪ್ತವಾಕ್ಯದಂತೆ.

ಮೇಲಿನ ಲೆಕ್ಕಗಳಿಗಿಂತ ವಿಚಾರಕ್ಕೆ ಯೋಗ್ಯವಾದುದು 1871ರ ಅಳತೆಯ ಪಟ್ಟಿ. ಆ ವರ್ಷದ ಮಸ್ತಕಾಭಿಷೇಕಕ್ಕಾಗಿ ಕಟ್ಟಿದ ಅಟ್ಟಣೆಯ ಮೇಲಿಂದ ಸರ್ಕಾರದ ಅಧಿಕಾರಿಗಳು ಮೂರ್ತಿಯ ಒಂದೊಂದು ಅವಯವವನ್ನೂ ಅಳೆದು ಬರೆದರು. ಪಾದದ ಉದ್ದ 9 ಅಡಿ. ಹೆಬ್ಬೆರಳು 2 ಅಡಿ 9 ಅಂಗುಲ. ಭುಜಗಳ ಅಗಲ 26 ಅಡಿ. ಸೊಂಟದ ಅಗಲ 10 ಅಡಿ. ಕೈಯ ನಡುಬೆರಳು 5 ಅಡಿ 3 ಅಂಗುಲ. ಕೆಳಗಿನಿಂದ ಕಿವಿಯ ತುದಿಯವರೆಗೆ 50 ಅಡಿ. ಅಲ್ಲಿಂದ ನೆತ್ತಿಯವರೆಗೆ 6 ಅಡಿ 6 ಅಂಗುಲ. ಈ ಕಡೆಯ ಅಂಕಿಗೆ ಮಾತ್ರ ‘ಸುಮಾರು’ ಎಂಬ ವಿಶೇಷಣವಿದೆ. ಪಟ್ಟಿಯಲ್ಲಿ ನನಗೆ ಅತ್ಯಂತ ಪ್ರಿಯವಾದ ಪದ ಇದೇ. ಅಳೆದವನು ತನಗೆ ನಿಶ್ಚಯವಾದುದನ್ನೂ ನಿಶ್ಚಯವಲ್ಲದುದನ್ನೂ ಬೇರೆಬೇರೆಯಾಗಿ ಇಟ್ಟಿದ್ದಾನೆ. ಎರಡನ್ನೂ ಕೂಡಿಸಿದರೆ 56 ಅಡಿ 6 ಅಂಗುಲವಾಗುತ್ತದೆ. ಅದನ್ನು 57 ಎಂದು ತುಂಬಿಸಿಕೊಂಡು, ‘ಸುಮಾರು’ ಎಂಬುದನ್ನು ಬಿಟ್ಟು, ನಿರ್ಧಾರದ ಮಾತಾಗಿ ಬರೆಯುವವರು ಮೂಲದಲ್ಲಿದ್ದ ಪ್ರಾಮಾಣಿಕತೆಯನ್ನೇ ಅಳಿಸಿದಂತಾಯಿತು.

ಮಾನವಿಜ್ಞಾನಿಗಳು ಇಂದು ಈ ‘ಸುಮಾರು’ ಎಂಬುದನ್ನೇ ಅನಿಶ್ಚಿತತೆಯೆಂದು ಕರೆದು, ಅದಕ್ಕೂ ಅಂಕಿ ಕೊಡಬೇಕೆಂದು ವಿಧಿಸಿದ್ದಾರೆ. ಅನಿಶ್ಚಿತತೆಯನ್ನು ಹೇಳದ ಅಳತೆ ಅವರ ಮತದಲ್ಲಿ ಅಪೂರ್ಣ.

ನಮ್ಮ ಭಾಷೆಯೂ ಇಲ್ಲಿ ಒಂದು ತೊಡಕನ್ನು ಒಡ್ಡುತ್ತದೆ. ಇಂಗ್ಲಿಷರ ಇಂಚನ್ನೂ ಶಾಸ್ತ್ರದ ಬೆರಳಗಲವನ್ನೂ ಕನ್ನಡದಲ್ಲಿ ‘ಅಂಗುಲ’ವೆಂದೇ ಬರೆಯುತ್ತೇವೆ. ಎಂಟು ಯವಗಳಿಗೆ ಒಂದು ಅಂಗುಲ, ಇಪ್ಪತ್ತನಾಲ್ಕು ಅಂಗುಲಗಳಿಗೆ ಒಂದು ಹಸ್ತ ಎಂಬುದು ಶಾಸ್ತ್ರಪ್ರಸಿದ್ಧ. ಹಸ್ತವನ್ನು ಸಾಧಾರಣವಾಗಿ ಒಂದೂವರೆ ಅಡಿಯೆಂದು ಎಣಿಸುವುದರಿಂದ ಶಾಸ್ತ್ರದ ಅಂಗುಲವು ಇಂಚಿನ ಮುಕ್ಕಾಲು ಪಾಲು. ಎರಡನ್ನೂ ಒಂದೆಂದು ಭ್ರಮಿಸಿದವನಿಗೆ 40 ಹಸ್ತವು 60 ಅಡಿಯಾಗುವ ಬದಲು 80 ಅಡಿಯಾಗುತ್ತದೆ. ಇದು ಕೇವಲ ಊಹೆಯ ಮಾತಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿದ್ದ ಕವಿಚಕ್ರವರ್ತಿ ಶಾಂತರಾಜಪಂಡಿತನು ಗೊಮ್ಮಟನ ಅವಯವಗಳ ಅಳತೆಯನ್ನು ಹಸ್ತಾಂಗುಲಗಳಲ್ಲಿ ಸಂಸ್ಕೃತಶ್ಲೋಕಗಳಾಗಿ ರಚಿಸಿದ್ದಾನೆ. ಅವುಗಳನ್ನು ಓದುವವನು ಯಾವ ಅಂಗುಲವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು?

ಶಾಸನಗಳಲ್ಲಿಯೂ ಇದೇ ಕಷ್ಟ. ಹಾಸನ ಜಿಲ್ಲೆಯ ಶಾಸನಗಳನ್ನು ರೈಸ್ ಅವರು 1902ರಲ್ಲಿ ಒಂದೇ ಸಂಪುಟವಾಗಿ ಪ್ರಕಟಿಸಿದ್ದರಿಂದ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ದತ್ತಿಗಳು ಓದುಗನ ಕಣ್ಣಿಗೆ ಒಂದೇ ಸಾಲಿನಲ್ಲಿ ಬೀಳುತ್ತವೆ. ಗದ್ದೆಗೆ ಸಲಗೆ, ಬೆದ್ದಲಿಗೆ ಕೊಳಗ ಎಂದು ಬೀಜ ಹಿಡಿಯುವ ಲೆಕ್ಕದಿಂದ ನೆಲವನ್ನು ಹೇಳುವುದು ಹೊಯ್ಸಳರ ಕಾಲದ ರೂಢಿ. ಪುಟದಲ್ಲಿ ಪದವೊಂದೇ ಆದಮಾತ್ರಕ್ಕೆ ನೆಲವೂ ಒಂದೇ ಆಗುವುದಿಲ್ಲ. ಮಲೆನಾಡಿನ ಸೆರಗಿನ ಅರಕಲಗೂಡಿನ ನೆಲಕ್ಕೂ ಕೆರೆಯನ್ನೇ ನಂಬಿದ ಚನ್ನರಾಯಪಟ್ಟಣದ ಮೈದಾನಕ್ಕೂ ಬಿತ್ತನೆಯ ಪ್ರಮಾಣ ಸಮವಾಗಿರಬೇಕೆಂಬ ನಿಯಮವಿಲ್ಲ. ರೈಸ್ ಅವರ ಮೈಸೂರು ಗ್ಯಾಸೆಟಿಯರಿನ ಪ್ರಕಾರವೇ ಒಂದು ಖಂಡುಗದ ಬೆದ್ದಲು 64,000 ಚದರ ಗಜ, ಒಂದು ಖಂಡುಗದ ಗದ್ದೆ 10,000 ಚದರ ಗಜ. ಹೀಗಿದ್ದೂ ಶಾಸನದ ಕೊಳಗವನ್ನು ಯಾವ ವಿಶೇಷಣವೂ ಇಲ್ಲದೆ ಎಕರೆಗೆ ತಿರುಗಿಸಿ, ಇಂಥ ದೇವಾಲಯಕ್ಕೆ ಇಷ್ಟು ಸಂಪತ್ತಿತ್ತೆಂದು ಬರೆಯುವ ಪ್ರಬಂಧಗಳನ್ನು ನಾವು ಮೆಚ್ಚಿ ಓದುತ್ತೇವೆ! ಬಳ್ಳಿಗಾವೆಯ ಶಾಸನಕಾರರು ‘ಭೇರುಂಡಗಳೆ’ಯೆಂದು ಅಳತೆಗೋಲಿನ ಹೆಸರನ್ನೇ ಹೇಳಿದ್ದರು. ಅಷ್ಟು ಎಚ್ಚರಿಕೆ ನಮ್ಮಲ್ಲಿ ಉಳಿದಿಲ್ಲ.

ಈ ಪ್ರಶ್ನೆ ಪ್ರಾಚೀನರಿಗೆ ತಿಳಿಯದುದೇನೂ ಅಲ್ಲ. ತೂಕಗಳನ್ನು ನಾಲ್ಕು ತಿಂಗಳಿಗೊಮ್ಮೆ ಪರೀಕ್ಷಿಸಬೇಕೆಂದು ಕೌಟಿಲ್ಯನೂ ಆರು ತಿಂಗಳಿಗೊಮ್ಮೆಯೆಂದು ಮನುಸ್ಮೃತಿಯ ಎಂಟನೆಯ ಅಧ್ಯಾಯವೂ ವಿಧಿಸಿವೆ. ಆದರೆ ಕೌಟಿಲ್ಯನ ಪೌತವಾಧ್ಯಕ್ಷನಲ್ಲಿ ಒಂದು ದೋಷ ನನಗೆ ಕಾಣುತ್ತದೆ. ತೂಕವನ್ನು ಮಾಡಿಸುವವನೂ ಅವನೇ, ಅದಕ್ಕೆ ಮುದ್ರೆಯೊತ್ತಿಸುವವನೂ ಅವನೇ. ಇಂದಿನ ವ್ಯವಸ್ಥೆ ಈ ಅಧಿಕಾರವನ್ನು ಒಡೆದಿದೆ. ಮೂಲಮಾನವನ್ನು ಕಾಪಾಡುವುದು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಕೆಲಸ. 1947ರಲ್ಲಿ ಅದರ ಶಂಕುಸ್ಥಾಪನೆಯಾಗಿ 1950ರಲ್ಲಿ ಉದ್ಘಾಟನೆಯಾಯಿತು; ಭಾರತಕ್ಕೆ ಬಂದ 57ನೆಯ ಸಂಖ್ಯೆಯ ಕಿಲೋಗ್ರಾಂ ಪಡಿಯಚ್ಚು ಅಲ್ಲಿಯೇ ಇದೆ. ಪರೀಕ್ಷೆ ನಡೆಸುವ ಶಾಲೆಗಳ ಸಾಮರ್ಥ್ಯವನ್ನು ನೋಡಿ ಮಾನ್ಯತೆ ಕೊಡುವುದು 1988ರಲ್ಲಿ ಏರ್ಪಟ್ಟ ಎನ್.ಎ.ಬಿ.ಎಲ್. ಎಂಬ ಮಂಡಳಿಯ ಕೆಲಸ. ರಾಮನಾಥಪುರದ ತಂಬಾಕು ಹರಾಜಿನ ತಕ್ಕಡಿಗೆ ಮುದ್ರೆಯೊತ್ತುವುದು ಇವೆರಡೂ ಅಲ್ಲ. ಅದು ಕಾನೂನು ಮಾಪನಶಾಸ್ತ್ರ ಇಲಾಖೆಯ ಅಧಿಕಾರ.

ಇಲ್ಲಿ ಶಬ್ದವಿಮರ್ಶೆ ಅವಶ್ಯಕ. ಅಳತೆಯೆಂಬ ಅರ್ಥದ ‘ಮಾನ’ವು ‘ಮಾ’ ಧಾತುವಿನಿಂದ ಬಂದುದು. ಗೌರವವೆಂಬ ಅರ್ಥದ ‘ಮಾನ’ವೂ ಅದರೊಡನೆ ಸೇರಿದ ‘ಮಾನ್ಯತೆ’ಯೂ ‘ಮನ್’ ಧಾತುವಿನ ಕಡೆಯವು. ಕನ್ನಡದಲ್ಲಿ ರೂಪಸಾಮ್ಯದಿಂದ ಇವು ಬೆರೆತುಹೋಗಿವೆ. ಮಾನ್ಯತೆ ಪಡೆದ ಶಾಲೆಯ ಅಳತೆ ತಾನಾಗಿಯೇ ಸರಿಯೆಂದು ಜನ ತಿಳಿಯುತ್ತಾರೆ. ಶಾಲೆಯ ಕೋಲಿಗೆ ಮೂಲಮಾನದ ಸಂಬಂಧ ಕಡಿದುಹೋಗಿದ್ದರೆ ಮಾನ್ಯತೆಯಿಂದ ಏನೂ ಆಗದು. ಕೋಲು ಶುದ್ಧವಾಗಿದ್ದು ಹಿಡಿದವನು ಅಜ್ಞನಾದರೂ ಅಷ್ಟೇ. ಆದುದರಿಂದಲೇ ಲೋಕದ ಮಾನಸಂಸ್ಥೆಗಳೂ ಮಾನ್ಯತಾಸಂಸ್ಥೆಗಳ ಕೂಟವೂ 2006ರಲ್ಲಿ ಕೂಡಿ ಒಂದು ಪ್ರಕಟನೆ ಹೊರಡಿಸಿದವು, 2011ರಲ್ಲಿ ಐ.ಎಸ್.ಒ. ಸಂಸ್ಥೆಯೂ ಸೇರಿ, ಅಳತೆಯ ಪಾರಂಪರ್ಯದ ವಿಷಯವಾಗಿಯೇ ಇನ್ನೊಂದನ್ನು ಹೊರಡಿಸಿದವು. ‘ಕ್ಯಾಲಿಬ್ರೇಷನ್’ ಎಂಬುದಕ್ಕೆ ಈಗ ಬಳಸುವ ‘ಮಾಪನಾಂಕ ನಿರ್ಣಯ’ವೆಂಬ ಮಾತು ಈ ಪಾರಂಪರ್ಯವನ್ನು ಮುಚ್ಚಿಡುತ್ತದೆ, ಅಂಗಡಿಯವನ ‘ತಾಳೆನೋಡುವುದು’ ಅದಕ್ಕಿಂತ ಎಷ್ಟೋ ವಾಸಿ.

ಮೂಲಮಾನವನ್ನು ಪರೀಕ್ಷಿಸುವವರು ಯಾರು, ಹೀಗಾದರೆ ಅನವಸ್ಥೆಯಲ್ಲವೇ, ಎಂದು ತಾರ್ಕಿಕರು ಆಕ್ಷೇಪಿಸಬಹುದು. ನ್ಯಾಯಸೂತ್ರದ ಎರಡನೆಯ ಅಧ್ಯಾಯದ ತುಲಾದೃಷ್ಟಾಂತವೇ ಇದಕ್ಕೆ ಸಮಾಧಾನ. ಚಿನ್ನವನ್ನು ತೂಗುವಾಗ ತಕ್ಕಡಿ ಪ್ರಮಾಣ; ತೂಕ ಗೊತ್ತಿರುವ ಚಿನ್ನದಿಂದ ತಕ್ಕಡಿಯನ್ನೇ ನೋಡುವಾಗ ಅದು ಪ್ರಮೇಯ. ರಾಷ್ಟ್ರಗಳ ಮಾನಸಂಸ್ಥೆಗಳು 1999ರ ಪರಸ್ಪರ ಒಪ್ಪಂದದಂತೆ ಒಂದೇ ವಸ್ತುವನ್ನು ತಾವುತಾವು ಅಳೆದು ಫಲಗಳನ್ನು ಹೋಲಿಸುತ್ತವೆ. ಇದು ಶಾಸ್ತ್ರದಲ್ಲಿ ಹೇಳುವ ಸಂವಾದವೇ. ಕಿಲೋಗ್ರಾಮಂತೂ 2019ರ ಮೇ 20ರಿಂದ ಲೋಹದ ಗುಂಡನ್ನು ಬಿಟ್ಟು ಪ್ಲಾಂಕನ ನಿಯತಾಂಕವನ್ನು ಆಶ್ರಯಿಸಿದೆ.

ಈ ತುಲಾನ್ಯಾಯವನ್ನು ಬೆಳ್ಗೊಳದಲ್ಲಿ ಪ್ರಯೋಗಿಸಬಹುದೆಂದು ನನಗೆ ತೋರುತ್ತದೆ. ಶಾಂತರಾಜಪಂಡಿತನ ಹಸ್ತವು ಎಷ್ಟು ಉದ್ದದ್ದೆಂದು ಅವನ ಶ್ಲೋಕಗಳಿಂದಲೇ ತಿಳಿಯಲು ಹೊರಟರೆ ಚಕ್ರಕದೋಷ ಬರುತ್ತದೆ. ಆದರೆ ಅವನು ಅಳೆದ ಅವಯವಗಳು ಇಂದಿಗೂ ಬೆಟ್ಟದ ಮೇಲೆ ನಿಂತಿವೆ. ಮಾನ್ಯತೆ ಪಡೆದ ಶಾಲೆಯೊಂದು, ರಾಷ್ಟ್ರೀಯ ಮಾನದೊಡನೆ ತಾಳೆನೋಡಿದ ಉಪಕರಣದಿಂದ, ಅವನು ಹೇಳಿದ ಅವಯವಗಳನ್ನೇ ಅನಿಶ್ಚಿತತೆಸಹಿತವಾಗಿ ಅಳೆದುಕೊಡಲಿ. ಒಂದೊಂದು ಅಳತೆಯನ್ನೂ ಅವನ ಹಸ್ತಸಂಖ್ಯೆಯಿಂದ ಭಾಗಿಸಿದರೆ, ಅವಯವಕ್ಕೊಂದರಂತೆ ಅವನ ಹಸ್ತದ ಉದ್ದ ದೊರೆಯುತ್ತದೆ. ಎಲ್ಲವೂ ಒಂದೇ ಆಗಿ ಬಂದರೆ ಪಂಡಿತನು ಒಂದೇ ಕೋಲಿನಿಂದ ಶ್ರದ್ಧೆಯಿಂದ ಅಳೆದನೆಂದು ತಿಳಿಯಬಹುದು. ಕೆಳಗಿನ ಅವಯವಗಳಲ್ಲಿ ಸರಿಯಾಗಿದ್ದು ಕಿವಿಯಿಂದ ಮೇಲೆ ತಪ್ಪಿದರೆ ಅವನಿಗೂ ಅಲ್ಲಿ ಒಂದು ‘ಸುಮಾರು’ ಬೇಕಾಗಿತ್ತೆಂದು ಊಹಿಸಬೇಕು. ಎಲ್ಲೆಲ್ಲಿಯೂ ತಪ್ಪಿದರೆ ಛಂದಸ್ಸಿಗಾಗಿ ಅಂಕಿಯನ್ನು ಒಗ್ಗಿಸಿಕೊಂಡನೋ ಎಂದು ಸಂಶಯಿಸಲು ಎಡೆಯುಂಟು. ಕವಿಗಳಾದವರು ಇದನ್ನು ಕೇಳಿ ಕೋಪಿಸಬಾರದು. ಹಾಗೆ ದೊರೆತ ಹಸ್ತದ ಉದ್ದವು, ಅದೇ ಕಾಲದಲ್ಲಿ ಅದೇ ಸೀಮೆಯಲ್ಲಿ ಹಸ್ತದಿಂದ ಅಳತೆ ಹೇಳಿದ ಬೇರೆ ಬರಹಗಳನ್ನು ಓದುವುದಕ್ಕೂ ಒದಗಿಬರಬಹುದು.