ಊರ್ಜಿತವಾಗದ ಗೆಲುವು

ಯೇಲ್ ಕಾನೂನು ವಿದ್ಯಾರ್ಥಿಗಳು ಅಮೆರಿಕದ ಅಧ್ಯಕ್ಷರ ಮೇಲೆ ದಾವೆ ಹೂಡಿ ಗೆದ್ದರೆನ್ನುತ್ತದೆ, ಬ್ರಾಂಟ್ ಗೋಲ್ಡ್‌ಸ್ಟೀನ್‌ರ ‘ಸ್ಟಾರ್ಮಿಂಗ್ ದಿ ಕೋರ್ಟ್’ (2005) ಕೃತಿಯ ಮುಖಪುಟ. ಆ ಗೆಲುವು ಎಂಥದ್ದೆಂದು ನಾವು ಕೇಳಬೇಕು.

1991ರ ಸೇನಾದಂಗೆಯ ಬಳಿಕ ಹೈಟಿಯಿಂದ ಓಡಿಬಂದವರಲ್ಲಿ ಸುಮಾರು 300 ಮಂದಿಯನ್ನು, ಅವರ ಭಯ ನಿಜವೆಂದು ಒಪ್ಪಿಯೂ, ಹೆಚ್ಚಿನವರಿಗೆ ಎಚ್‌ಐವಿ ಇದೆಯೆಂಬ ಕಾರಣಕ್ಕೆ ಗ್ವಾಂಟನಾಮೊದ ಮುಳ್ಳುತಂತಿಯೊಳಗೆ ಕೂಡಿಹಾಕಲಾಗಿತ್ತು. 1993ರ ಜೂನ್‌ನಲ್ಲಿ ನ್ಯಾಯಾಧೀಶ ಸ್ಟರ್ಲಿಂಗ್ ಜಾನ್ಸನ್ ಬಿಡುಗಡೆಗೆ ಆದೇಶಿಸಿದರು. ಆದರೆ ಮೇಲ್ಮನವಿ ಕೈಬಿಡಲು ಸರಕಾರ ಕೇಳಿದ ಬೆಲೆ, ತೀರ್ಪಿನ ರದ್ದತಿ. ಕಕ್ಷಿದಾರರ ಪ್ರಾಣಕ್ಕಾಗಿ ವಿದ್ಯಾರ್ಥಿಗಳ ಪಕ್ಷ ಒಪ್ಪಿತು. ಅದನ್ನು ತಪ್ಪೆನ್ನಲಾರೆವು. ಆದರೆ 2002ರಲ್ಲಿ ಅದೇ ನೆಲೆಗೆ ವಿಚಾರಣೆಯಿಲ್ಲದ ಕೈದಿಗಳನ್ನು ತಂದಾಗ ಆ ತೀರ್ಪು ಊರ್ಜಿತದಲ್ಲಿರಲಿಲ್ಲ.

ಈ ನೋವನ್ನು ಮುಚ್ಚಿಡದಿರುವುದೇ ಕೃತಿಯ ಹೆಚ್ಚುಗಾರಿಕೆ. ಮುಖಪುಟಕ್ಕೆ ಮಾತ್ರ ಅದು ತಿಳಿದಂತಿಲ್ಲ. ತೀರ್ಪು ಉಳಿಯದಿದ್ದರೆ ಹಕ್ಕು ಮತ್ತೆ ದಯೆಯಾಗುತ್ತದೆ.