ಒಂದೇ ನೆರಳಿನ ಎರಡು ಹವ್ಯಾಸ

ದಾಂಡೇಲಿ, ಹಳಿಯಾಳದ ನಾಟಾ ಡಿಪೋಗಳಲ್ಲಿ ಸಾಗವಾನಿ ದಿಮ್ಮಿಗಳ ಆಚೆ ಒಮ್ಮೊಮ್ಮೆ ಬೀಟೆಯೂ ಬಿದ್ದಿರುತ್ತದೆ. ನಮ್ಮ ಕಡೆ ಕೆಲವರು ಸೀಸಂ ಎನ್ನುತ್ತಾರೆ. ತೊಗಟೆ ಕಂಡರೆ ಯಾರೂ ನಿಂತು ನೋಡುವುದಿಲ್ಲ, ಕೊಯ್ದ ಮೈ ನೋಡಬೇಕು: ನೇರಳೆಗಪ್ಪಿನ ನಡುವೆ ಕಂದು ಗೆರೆಗಳು ಒತ್ತೊತ್ತಾಗಿ ಓಡಿರುತ್ತವೆ, ಗರಗಸ ಬಿದ್ದಾಗ ಸಿಹಿ ವಾಸನೆ ಏಳುತ್ತದೆ. ಜಗತ್ತಿನ ಗಿಟಾರ್‌ಪ್ರಿಯರು ‘ಇಂಡಿಯನ್ ರೋಸ್‌ವುಡ್’ ಎಂದು ಆಸೆಪಟ್ಟು ಕೊಳ್ಳುವುದು ಇದೇ ಮರವನ್ನು. ಅಮೆರಿಕದ ಮಾರ್ಟಿನ್ ಕಂಪನಿ 1931ರಿಂದ ಮಾಡುತ್ತ ಬಂದ ಡಿ–28 ಗಿಟಾರಿಗೆ ಮೊದಲು ಬ್ರೆಜಿಲ್‌ನ ಬೀಟೆ ಹಾಕುತ್ತಿತ್ತು. ಆ ದೇಶ ದಿಮ್ಮಿಗಳ ರಫ್ತಿಗೆ ತಡೆ ಹಾಕಿದ ಮೇಲೆ 1969ರಿಂದ ಭಾರತದ ಬೀಟೆಗೆ ಬದಲಾಯಿತು. ಅಲ್ಲಿಂದೀಚೆಗೆ ಎಷ್ಟೋ ಒಳ್ಳೆಯ ಅಕೌಸ್ಟಿಕ್ ಗಿಟಾರುಗಳ ಬೆನ್ನು ಮತ್ತು ಪಕ್ಕೆಗೆ ಪಶ್ಚಿಮ ಘಟ್ಟದ ಮರ ಎಂಬುದು ರೂಢಿಯೇ ಆಗಿಹೋಯಿತು.

ಗಿಟಾರ್ ಕೂಡಿಡುವುದು, ತೋಟದ ಹೆಸರಿರುವ ಕಾಫಿ ತರಿಸಿ ಅಳತೆ ಹಿಡಿದು ಸೋಸಿ ಕುಡಿಯುವುದು, ಈ ಎರಡು ಹವ್ಯಾಸ ಈಗ ಒಂದೇ ಮನೆಯಲ್ಲಿ ಒಟ್ಟಿಗೇ ಕಾಣುತ್ತವೆ. ಬೆಂಗಳೂರಿನಲ್ಲಂತೂ ಸರಿ, ಹುಬ್ಬಳ್ಳಿಯಲ್ಲೂ, ಮನೆಯಿಂದಲೇ ಕೆಲಸ ಮಾಡಲು ಊರಿಗೆ ಮರಳಿದ ಹುಡುಗರ ಕೋಣೆಗಳಲ್ಲೂ ಗೋಡೆಗೆ ಗಿಟಾರು, ಅಡುಗೆಕಟ್ಟೆಯ ಮೇಲೆ ಉದ್ದ ಮೂತಿಯ ಕೆಟಲ್ಲು, ಪುಟ್ಟ ತಕ್ಕಡಿ. ಎರಡನ್ನೂ ಪ್ರೀತಿಸುವವನಾಗಿ, ಎರಡನ್ನೂ ಉತ್ತರ ಕನ್ನಡದ ಪಾಳಾದಂಥ ಊರಿನಿಂದ ನೋಡುವವನಾಗಿ ನನಗೆ ಅನ್ನಿಸಿರುವುದು ಇಷ್ಟು: ಈಗ ನಡೆಯುತ್ತಿರುವ ರೀತಿಯಲ್ಲಿ ಕಾಫಿಯ ಹವ್ಯಾಸ ತನ್ನ ಮೂಲದ ಬಗ್ಗೆ ಪ್ರಶ್ನೆ ಕೇಳಲು ಕಲಿತಿದೆ, ಗಿಟಾರಿನ ಹವ್ಯಾಸ ಇನ್ನೂ ಕಲಿತಿಲ್ಲ.

ಪಾಳಾ ಎರಡಕ್ಕೂ ತವರಲ್ಲ. ಅರೆಮಲೆನಾಡಿನ ಊರು, ಭತ್ತ, ಗೋವಿನಜೋಳ, ಶುಂಠಿ, ಮಾವಿನ ತೋಪು ಇಲ್ಲಿನ ಬದುಕು. ಇಲ್ಲಿ ಬಂದವರಿಗೆ ಕೊಡುವುದು ಚಾ, ಶಿರಸಿಯ ದಿಕ್ಕಿಗೆ ಹೋದಂತೆ ಕಷಾಯ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ತೋಟಗಳಲ್ಲಿ ಕಾಫಿ ಗಿಡ ಕಾಣಿಸಿಕೊಂಡರೂ ಕುಡಿಯುವವರ ನಾಲಗೆ ಇನ್ನೂ ಅತ್ತ ಹೊರಳಿಲ್ಲ. ಗಿಟಾರಂತೂ ನಮ್ಮ ತಲೆಮಾರಿಗೆ ಬಂದದ್ದು ಸಿನಿಮಾದಿಂದ. ‘ಗೀತಾ’ (1981) ಚಿತ್ರದಲ್ಲಿ ಗಿಟಾರ್ ಹಿಡಿದ ಶಂಕರನಾಗ್ ಎಷ್ಟು ಹುಡುಗರ ಕೈಗೆ ಆ ವಾದ್ಯದ ಆಸೆ ಹತ್ತಿಸಿದರೋ ಲೆಕ್ಕವಿಲ್ಲ. ಇನ್ನೊಂದು ದಾರಿ ಮುಂಡಗೋಡದ ಟಿಬೆಟನ್ ಕ್ಯಾಂಪು. 1966ರಲ್ಲಿ ನೆಲೆಯಾದ ಆ ಜನರಿಗೆ ಡ್ರಾನ್ಯೆನ್ ಎಂಬ ತಮ್ಮದೇ ತಂತಿವಾದ್ಯವಿದೆ, ಉದ್ದ ಕತ್ತು, ಚರ್ಮ ಹೊದಿಸಿದ ಹೊಟ್ಟೆ. ಅದರ ಜತೆಗೇ ಗಿಟಾರನ್ನೂ ನುಡಿಸುವ ಹುಡುಗರು ಅಲ್ಲಿ ಇದ್ದಾರೆ.

ಗಿಟಾರ್ ಕೂಡಿಡುವವರನ್ನು ದುಂದುಗಾರರೆಂದು ಬೈಯುವುದು ಸುಲಭ, ನನಗದು ಒಪ್ಪಿಗೆಯಿಲ್ಲ. ಒಂದೇ ಗಿಟಾರ್ ಇದ್ದವನಿಗೆ ಗಿಟಾರಿನ ದನಿ ಎಂಬುದೊಂದೇ ಗೊತ್ತು. ಎರಡನೆಯದು ಬಂದಾಗಲೇ ಕಿವಿ ತೆರೆಯುವುದು. ಅಗಲ ಸೊಂಟದ ಡ್ರೆಡ್‌ನಾಟ್ ಮೇಲೆ ಬಾರಿಸಿದ ಸ್ವರಮೇಳ ಎದೆಗೆ ಬಡಿಯುತ್ತದೆ, ಅದನ್ನೇ ಸಣ್ಣ ಮೈಯ ಗಿಟಾರಿನಲ್ಲಿ ಬೆರಳಿನಿಂದ ಮೀಟಿದರೆ ಒಂದೊಂದು ತಂತಿ ಬೇರೆ ಬೇರೆಯಾಗಿ ಕೇಳುತ್ತದೆ. ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರ್ ಎತ್ತಿಕೊಂಡ ದಿನ ಬಲಗೈಯ ಉಗುರಿಗೆ ಹೊಸ ಕೆಲಸ ಬರುತ್ತದೆ. ಕೋಲ್ಕತ್ತಾದಲ್ಲಿ ತಯಾರಾಗುವ ಗಿವ್‌ಸನ್ನಿನಂಥ ಅಗ್ಗದ ಗಿಟಾರ್ ಕೂಡ ಕಲಿಸುತ್ತದೆ. ಅದರ ಗಡಸು ತಂತಿ ಪಳಗಿಸಿದ ಬೆರಳಿಗೆ ಮುಂದೆ ಯಾವುದೂ ಕಷ್ಟವಲ್ಲ. ಒಂದು ವಾದ್ಯದಲ್ಲಿ ಹುಟ್ಟದ ರಾಗ ಇನ್ನೊಂದರಲ್ಲಿ ಹುಟ್ಟುತ್ತದೆ ಎಂಬುದು ನುಡಿಸುವ ಎಲ್ಲರ ಅನುಭವ.

ತೊಂದರೆ ಇರುವುದು ನುಡಿಸುವುದು ನಿಂತಮೇಲೂ ಕೊಳ್ಳುವುದು ಮುಂದುವರಿದಾಗ. ನಮ್ಮ ಹವೆಯೇ ಇದಕ್ಕೆ ಉತ್ತರ ಕೊಡುತ್ತದೆ. ಗಿಟಾರಿಗೆ ಹಿತವಾದ ಗಾಳಿಯ ತೇವಾಂಶ ಶೇಕಡ 45ರಿಂದ 55. ಆಷಾಢದಲ್ಲಿ ಇಲ್ಲಿ ಅಟ್ಟದ ಅಕ್ಕಿಯೇ ಮುಗ್ಗುತ್ತದೆ, ಗೋಡೆ ಬೆವರುತ್ತದೆ. ಗಿಟಾರಿನ ಮೇಲ್ಮೈಯ ಎರಡೂವರೆ ಮೂರು ಮಿಲಿಮೀಟರ್ ದಪ್ಪದ ಸ್ಪ್ರೂಸ್ ಮರದ ಹಲಗೆ ಏನು ಮಾಡೀತು? ನೀರು ಹೀರಿ ಉಬ್ಬುತ್ತದೆ. ತಂತಿ ಕಟ್ಟುವ ಬ್ರಿಜ್ಜಿನ ಹಿಂದೆ ಅಂಗೈ ಇಟ್ಟರೆ ಹೊಟ್ಟೆ ಬಂದಿರುವುದು ತಿಳಿಯುತ್ತದೆ. ತಂತಿ ಮೇಲೇರಿ ಕತ್ತಿನ ಮೇಲಿನ ಹನ್ನೆರಡನೆಯ ಫ್ರೆಟ್ಟಿನಲ್ಲಿ (ಲೋಹದ ಅಡ್ಡಗೆರೆ) ಒತ್ತಲು ಬೆರಳು ನೋಯುತ್ತದೆ, ದನಿ ಒದ್ದೆ ಬಟ್ಟೆ ಹೊದ್ದಂತೆ ಮಂಕಾಗುತ್ತದೆ. ಮಾರ್ಚ್ ಬಂದಾಗ ಇದರ ತಿರುಗಾಮುರುಗಾ: ಮರ ಒಣಗಿ ಸಂಕುಚಿಸಿ ಫ್ರೆಟ್ಟಿನ ತುದಿಗಳು ಅಂಚಿನಿಂದ ಹೊರಚಾಚಿ ಕೈ ಕೊರೆಯುತ್ತವೆ, ದುರದೃಷ್ಟವಿದ್ದರೆ ಹಲಗೆ ಸೀಳುತ್ತದೆ. ದಿನಾ ಕೈಗೆತ್ತಿಕೊಳ್ಳುವ ಗಿಟಾರಿನಲ್ಲಿ ಈ ಬದಲಾವಣೆ ಆಯಾ ವಾರವೇ ಗೊತ್ತಾಗುತ್ತದೆ. ಪೆಟ್ಟಿಗೆಯಲ್ಲಿ ಸಿಲಿಕಾ ಪೊಟ್ಟಣ ಹಾಕಿಟ್ಟು, ತಂತಿ ಸಡಿಲಿಸಿ ಕಾಪಾಡಬಹುದು. ಗೋಡೆಗೆ ನೇತುಹಾಕಿದ ಎಂಟನೆಯ ಗಿಟಾರನ್ನು ಯಾರು ಮುಟ್ಟಿ ನೋಡುತ್ತಾರೆ? ವಾದ್ಯದ ಬೆಲೆ ನುಡಿಸುವುದರಲ್ಲಿದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ: ಧಾರವಾಡದಲ್ಲಿ ರಹಿಮತ್ ಖಾನರ ಮನೆತನ ತಲೆಮಾರುಗಳಿಂದ ಸಿತಾರ್ ನುಡಿಸುತ್ತ ಬಂದಿದೆ. ಆ ಪರಂಪರೆಯನ್ನು ನೋಡಿದರೆ ವಾದ್ಯದ ಬೆಲೆ ಅಳೆಯಬೇಕಾದದ್ದು ಅದರ ಮೇಲೆ ಎಷ್ಟು ವರ್ಷದ ರಿಯಾಜ್ ಆಗಿದೆ ಎಂಬುದರಿಂದ ಎನಿಸುತ್ತದೆ. ಆ ಅಳತೆಗೋಲು ನಮ್ಮ ಹತ್ತಿರವೇ, ತೊಂಬತ್ತು ಕಿಲೋಮೀಟರಿನ ಒಳಗೇ ಇರುವಾಗ ಹಳೆಯ ಗಿಟಾರುಗಳ ಹರಾಜಿನ ದರಪಟ್ಟಿಯನ್ನು ಅಳತೆಗೋಲು ಮಾಡಿಕೊಳ್ಳುವುದು ನನಗೆ ದುಃಖದ ವಿಷಯ.

ಇನ್ನು ಮರದ ಮೋಹ. ಬ್ರೆಜಿಲ್ ಬೀಟೆಯ ಹಳೆಯ ಗಿಟಾರುಗಳಿಗೆ ಲಕ್ಷಗಟ್ಟಲೆ ಕೊಡುವವರು ಅದರ ದನಿಯೇ ಬೇರೆ ಎನ್ನುತ್ತಾರೆ. 2018ರಲ್ಲಿ ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಪರೀಕ್ಷೆಯ ಫಲ ಪ್ರಕಟಿಸಿದರು. ಒಬ್ಬನೇ ತಯಾರಕ ಕಟ್ಟಿದ ಆರು ಗಿಟಾರ್, ಎಲ್ಲದರ ವಿನ್ಯಾಸ ಒಂದೇ, ಬೆನ್ನು ಮತ್ತು ಪಕ್ಕೆಯ ಮರ ಮಾತ್ರ ಬೇರೆ ಬೇರೆ: ಬ್ರೆಜಿಲ್ ಬೀಟೆ, ನಮ್ಮ ಬೀಟೆ, ಮಹಾಗನಿ, ಮೇಪಲ್ ಇತ್ಯಾದಿ. ಮರ ಕಾಣದಂತೆ ಮಾಡಿ 52 ಗಿಟಾರ್ ವಾದಕರಿಗೆ ನುಡಿಸಲು ಕೊಟ್ಟರು. ದನಿಯ ಗುಣಕ್ಕೆ ಅವರು ಕೊಟ್ಟ ಅಂಕಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಮೇಲಿನ ಹಲಗೆ, ಒಳಗಿನ ಪಟ್ಟಿಗಳ ಜೋಡಣೆ, ಮಾಡಿದವನ ಕೈ ಇವೇ ದನಿಯ ಬಹುಪಾಲು. ಹಾಗಾದರೆ ಬೀಟೆಯ ಮೇಲಿನ ಪ್ರೀತಿ ಸುಳ್ಳೇ? ಅಲ್ಲ. ನನ್ನ ಗಿಟಾರಿನ ಬೆನ್ನಿನಲ್ಲಿ ಒಂದೇ ಹಲಗೆಯನ್ನು ಪುಸ್ತಕ ತೆರೆದಂತೆ ಸೀಳಿ ಎಡಬಲಕ್ಕೆ ಜೋಡಿಸಿದ ಗೆರೆಗಳನ್ನು ನೋಡಿ ನನಗೆ ಇವತ್ತಿಗೂ ಸಾಕಾಗಿಲ್ಲ. ಚೆಂದದ ಪ್ರೀತಿ ಅದು, ಪ್ರಾಮಾಣಿಕವಾದದ್ದೇ. ಚೆಂದಕ್ಕೆ ದನಿಯ ನೆಪ ಬೇಡ ಎಂದಷ್ಟೇ ನನ್ನ ತಕರಾರು. ಯಾಕೆಂದರೆ ಆ ನೆಪದಿಂದಲೇ ಮರದ ಬೇಡಿಕೆ ಏರುತ್ತದೆ. ಬ್ರೆಜಿಲ್ ಬೀಟೆ 1992ರಲ್ಲಿ ಅಂತರರಾಷ್ಟ್ರೀಯ ವ್ಯಾಪಾರದ ಅತ್ಯಂತ ಬಿಗಿಯಾದ ನಿಷೇಧಪಟ್ಟಿ ಸೇರಿತು. 2017ರ ಜನವರಿಯಿಂದ ಬೀಟೆಯ ಕುಲದ ಉಳಿದ ಮರಗಳೂ ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಸೈಟ್ಸ್ ಒಪ್ಪಂದದ ಎರಡನೆಯ ಪಟ್ಟಿಗೆ ಬಂದವು. ವಾದ್ಯ ತಯಾರಕರು ಗೋಳಾಡಿದ ಮೇಲೆ 2019ರ ಕೊನೆಗೆ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಗಿಟಾರ್‌ಪ್ರಿಯರು ಈ ಇಡೀ ಪ್ರಸಂಗವನ್ನು ಕಸ್ಟಮ್ಸ್‌ನ ಕಿರಿಕಿರಿ ಎಂದಷ್ಟೇ ನೆನಪಿಟ್ಟುಕೊಂಡಿದ್ದಾರೆ. ಯಾವ ಕಾಡಿನ ಮರ, ಎಷ್ಟು ವರ್ಷದ್ದು, ಅದರ ಜಾಗದಲ್ಲಿ ಈಗ ಏನು ಬೆಳೆದಿದೆ ಎಂದು ಕೇಳಿದವರು ಕಡಿಮೆ.

ಕಾಫಿಯವರು ಕೇಳುತ್ತಾರೆ. ಅದಕ್ಕೊಂದು ಇತಿಹಾಸವಿದೆ. 1942ರ ಕಾಯಿದೆಯ ನಂತರ ದಶಕಗಳ ಕಾಲ ಬೆಳೆಗಾರ ತನ್ನ ಕಾಫಿಯನ್ನು ಕಾಫಿ ಬೋರ್ಡಿನ ಪೂಲ್ ಎಂಬ ಒಟ್ಟು ದಾಸ್ತಾನಿಗೆ ಒಪ್ಪಿಸಬೇಕಿತ್ತು. ಚಿಕ್ಕಮಗಳೂರಿನ ಒಳ್ಳೆಯ ಬೀಜವೂ ಇನ್ನೆಲ್ಲಿಯದೋ ಸಾಧಾರಣ ಬೀಜವೂ ದರ್ಜೆಯ ಹೆಸರಿನಡಿ ಒಂದಾಗುತ್ತಿದ್ದವು. ಬೆಲೆಗೆ ಭದ್ರತೆ ಇತ್ತು, ನಿಜ. ತೋಟದ ಹೆಸರು ಮಾತ್ರ ಗೋಣಿಯ ಒಳಗೇ ಕರಗಿಹೋಗುತ್ತಿತ್ತು. 1990ರ ದಶಕದಲ್ಲಿ ಆ ಕಟ್ಟು ಹಂತಹಂತವಾಗಿ ಬಿಚ್ಚಿತು. ಬೆಳೆಗಾರ ತನ್ನ ಹೆಸರಿನಲ್ಲೇ ಮಾರಬಹುದು ಎಂದಾದ ಮೇಲೆ ಹಣ್ಣನ್ನು ಆರಿಸಿ ಕೊಯ್ಯುವುದಕ್ಕೆ, ಜಾಗ್ರತೆಯಿಂದ ಹುಳಿಬರಿಸಿ ಒಣಗಿಸುವುದಕ್ಕೆ ಅರ್ಥ ಬಂತು. 2013ರಲ್ಲಿ ದೆಹಲಿಯಲ್ಲಿ ಶುರುವಾದ ಬ್ಲೂ ಟೋಕಾಯ್‌ನಂಥ ಹುರಿಯುವವರು ಪೊಟ್ಟಣದ ಮೇಲೆ ತೋಟದ ಹೆಸರು, ಹುರಿದ ದಿನ ಅಚ್ಚು ಮಾಡಿದರು. ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ 1940ರ ದಶಕದಲ್ಲಿ ಕೊಟ್ಟ ಎಸ್.795 ತಳಿಯ ಹೆಸರು ಅಲ್ಲಿಯವರೆಗೆ ಬೆಳೆಗಾರರ ಬಾಯಲ್ಲಿ ಮಾತ್ರ ಇತ್ತು. ಈಗ ಕುಡಿಯುವವರೂ ಹೆಸರು ಹಿಡಿದು ಕೇಳುತ್ತಾರೆ. ಬಾಬಾಬುಡನ್‌ಗಿರಿ, ಚಿಕ್ಕಮಗಳೂರು, ಕೊಡಗಿನ ಅರೇಬಿಕಾಗಳಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ.

ಸೋಸುವ ಕೆಲಸದ ಸುಖ ಮಾಡಿಯೇ ತಿಳಿಯಬೇಕು. ಹದಿನೈದು ಗ್ರಾಂ ಬೀಜ ಕೈಗಿರಣಿಗೆ ಹಾಕಿ ದಪ್ಪ ರವೆಯ ಹದಕ್ಕೆ ಬೀಸಬೇಕು. ಕೋನಾಕಾರದ ಸೋಸುಬಟ್ಟಲಿಗೆ ಕಾಗದ ಇಟ್ಟು, ಬಿಸಿನೀರಿನಿಂದ ತೊಳೆದು, ಪುಡಿ ಹಾಕಿ, ಮೂವತ್ತು ನಲವತ್ತು ಗ್ರಾಂ ನೀರು ಸುತ್ತಲೂ ಹನಿಸಬೇಕು. ಹೊಸದಾಗಿ ಹುರಿದ ಕಾಫಿಯಾದರೆ ಒಳಗಿನ ಇಂಗಾಲದ ಡೈಆಕ್ಸೈಡ್ ಹೊರಗೆ ಬರುವಾಗ ಪುಡಿ ಉಬ್ಬಿ, ಗುಳ್ಳೆಯೆದ್ದು, ನಡುವೆ ಬಿರಿಯುತ್ತದೆ. ಹಳತಾದರೆ ಸುಮ್ಮನೆ ಕೆಸರಿನಂತೆ ಕೂರುತ್ತದೆ. ಅರ್ಧ ನಿಮಿಷ ಬಿಟ್ಟು ಉಳಿದ ನೀರನ್ನು ಎರಡು ಮೂರು ಸಲವಾಗಿ ಹಾಕಿ 240 ಗ್ರಾಂಗೆ ನಿಲ್ಲಿಸಬೇಕು. ಒಟ್ಟು ಮೂರು ನಿಮಿಷದ ಆಸುಪಾಸು. ಬೇಗ ಇಳಿದರೆ ಹುಳಿ, ತಡವಾದರೆ ಒಗರು. ಬೀಸುವ ಹದ ಬದಲಿಸುವುದೇ ಮದ್ದು. ನಮ್ಮದು ಸಮುದ್ರಮಟ್ಟದಿಂದ ಐನೂರೈವತ್ತು ಮೀಟರಿನ ಮೇಲಿರುವ ಸೀಮೆ, ನೀರು 98 ಡಿಗ್ರಿಯಲ್ಲೇ ಕುದಿಯುತ್ತದೆ. ಹಾಗಾಗಿ ಕೆಟಲ್ ಇಳಿಸಿ ಹೆಚ್ಚು ಹೊತ್ತು ಕಾಯಬೇಕಿಲ್ಲ. ಬೋರ್‌ವೆಲ್ಲಿನ ಗಡಸು ನೀರಾದರೆ ಕಾಫಿಯ ಹುಳಿ ಸತ್ತುಹೋಗುತ್ತದೆ, ಬಾವಿಯ ಮೆದುನೀರಿನಲ್ಲಿ ಅದೇ ಬೀಜ ಎದ್ದು ಕೂರುತ್ತದೆ. ಒಂದು ಲೋಟ ಕಾಫಿ ತನ್ನ ಬಾವಿಯ ಗುಣವನ್ನೂ ಹೇಳುವಂತೆ ಮಾಡಿದ್ದು ಈ ಹವ್ಯಾಸದ ದೊಡ್ಡ ಕೊಡುಗೆ ಎಂದು ನಾನು ನಂಬಿದ್ದೇನೆ.

ಆದರೆ ಇದರಲ್ಲೂ ಎರಡು ಕೊರತೆಗಳು ನನ್ನನ್ನು ಕಾಡುತ್ತವೆ. ಮೊದಲನೆಯದು ಫಿಲ್ಟರ್ ಕಾಫಿಯನ್ನು ಕೀಳಾಗಿ ಕಾಣುವುದು. ಹಿತ್ತಾಳೆ ಫಿಲ್ಟರಿನಲ್ಲಿ ರಾತ್ರಿ ಇಳಿದ ಡಿಕಾಕ್ಷನ್, ಚಿಕೋರಿಯ ಕಹಿಗಂಪು, ಎಮ್ಮೆಯ ಹಾಲು ಇವು ಬಡತನದ ರಾಜಿಯಲ್ಲ. ಒಂದು ಸೀಮೆಯ ಜನ ತಲೆಮಾರುಗಳ ಕಾಲ ಕುಡಿದು ಹದಕ್ಕೆ ತಂದ ರುಚಿ. ಇದರ ಜತೆಗೇ ರೋಬಸ್ಟಾದ ತಿರಸ್ಕಾರ. ಭಾರತ ಬೆಳೆಯುವ ಕಾಫಿಯಲ್ಲಿ ಹೆಚ್ಚಿನ ಪಾಲು ರೋಬಸ್ಟಾ. ತೊಳೆದು ಸಂಸ್ಕರಿಸಿದ ‘ರೋಬಸ್ಟಾ ಕಾಪಿ ರಾಯಲ್’ ಎಂಬ ವಿಶೇಷ ದರ್ಜೆಯೇ ನಮ್ಮಲ್ಲಿದೆ. ಅದನ್ನು ರುಚಿ ನೋಡದೆ ತಳ್ಳುವುದು ವಿಮರ್ಶೆಯಾಗುವುದಿಲ್ಲ. ಎರಡನೆಯದು ರುಚಿಯ ವರ್ಣನೆ. ಪೊಟ್ಟಣದ ಮೇಲೆ ಬ್ಲೂಬೆರಿ, ಕ್ರ್ಯಾನ್‌ಬೆರಿ ಎಂದಿರುತ್ತದೆ. ಅವನ್ನು ಗಿಡದಲ್ಲಿ ಕಂಡವರು ನಮ್ಮಲ್ಲಿ ಎಷ್ಟು ಮಂದಿ? ಎಸ್.795ರಲ್ಲಿ ನನಗೆ ಸಿಗುವುದು ಜೋನಿಬೆಲ್ಲ, ಹಣ್ಣಿನ ಸಮೇತ ಒಣಗಿಸುವ ಒಳ್ಳೆಯ ನ್ಯಾಚುರಲ್ ಸಂಸ್ಕರಣೆಯಲ್ಲಿ ಕಳಿತ ನೇರಳೆ, ಕೆಲವು ತೊಳೆದ ಕಾಫಿಗಳಲ್ಲಿ ಮುರುಗಲಿನ ಹುಳಿ. ಹಾಗೆ ಬರೆದರೆ ಉತ್ತರ ಕನ್ನಡದ ಓದುಗ ಕೂಡಲೇ ಹಿಡಿದುಕೊಂಡಾನು.

ಈಗ ನೆರಳಿನ ಮಾತು. ಕರ್ನಾಟಕದ ಕಾಫಿ ಬಿಸಿಲಿನ ಬಯಲಿನಲ್ಲಿ ಬೆಳೆದದ್ದಲ್ಲ. ಮಲೆನಾಡಿನ ಹಳೆಯ ತೋಟಗಳಲ್ಲಿ ಗಿಡದ ಮೇಲೆ ಹಲಸು, ಅತ್ತಿ, ನಂದಿ, ಹೊನ್ನೆ, ಅವುಗಳ ನಡುವೆ ಬೀಟೆ. ಅಂದರೆ ಹವ್ಯಾಸಿಯ ಬಲಗೈಯ ಕಾಫಿಯೂ ತೊಡೆಯ ಮೇಲಿನ ಗಿಟಾರೂ ಒಂದೇ ತೋಟದ ಕೆಳಗು ಮೇಲು. ಬೀಟೆ ನಿಧಾನದ ಮರ, ಬಲಿತು ನಾಟಾ ಆಗಲು ತಲೆಮಾರುಗಳೇ ಬೇಕು. ಬೇರಿನಿಂದ ತಾನಾಗಿ ಚಿಗುರುವ ಗುಣವಿದೆ, ಆ ಚಿಗುರನ್ನು ಕಳೆ ಕತ್ತಿಯಿಂದ ಉಳಿಸಿಕೊಳ್ಳುವ ಮನಸ್ಸು ಬೇಕು ಅಷ್ಟೆ. ಆ ಮನಸ್ಸಿಗೆ ಅಡ್ಡಿ ಇದೆ. ಸ್ವಂತ ತೋಟದ ಬೀಟೆ ಕಡಿಯಲೂ ಬೆಳೆಗಾರ ಅರಣ್ಯ ಇಲಾಖೆಯ ಅನುಮತಿಗೆ ಅಲೆಯಬೇಕು. ಸಿಲ್ವರ್ ಓಕ್ ಆದರೆ ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಬಹುದು, ಬೇಕಾದಾಗ ಕಡಿದು ಮಾರಬಹುದು. ಹಾಗಾಗಿ ತೋಟದ ನಂತರ ತೋಟದಲ್ಲಿ ನಾಡಮರಗಳ ಜಾಗಕ್ಕೆ ಆಸ್ಟ್ರೇಲಿಯಾದ ಆ ನೆಟ್ಟನೆಯ ಮರ ಬಂದಿದೆ. ಇದರ ತಪ್ಪನ್ನು ಬೆಳೆಗಾರನ ಮೇಲೆ ಹೊರಿಸಲಾರೆ. ಬೀಟೆ ಉಳಿಸಿದ್ದಕ್ಕೆ ಅವನಿಗೆ ಯಾರೂ ಏನೂ ಕೊಡುತ್ತಿಲ್ಲ.

ಕೊಡಬಲ್ಲವರು ಈ ಹವ್ಯಾಸಿಗಳು. ಎತ್ತರಕ್ಕೆ, ತಳಿಗೆ, ಹುರಿದ ದಿನಕ್ಕೆ ಹೆಚ್ಚಿನ ಬೆಲೆ ತೆರಲು ಒಪ್ಪಿದವರು ನೆರಳಿಗೂ ತೆತ್ತಾರು. ಗಿಟಾರ್ ಕೊಳ್ಳುವವರು ಅಂಗಡಿಯಲ್ಲಿ ಬೆನ್ನಿನ ಮರ ಯಾವ ರಾಜ್ಯದ ಯಾವ ಡಿಪೋದಿಂದ ಬಂತು ಎಂದು ಕೇಳತೊಡಗಿದರೆ ತಯಾರಕರು ಉತ್ತರ ಹುಡುಕಿಯೇ ಹುಡುಕುತ್ತಾರೆ. ಹೊಸ ಬೀಟೆಯ ಬದಲು ಹಳೆಯ ಮನೆಯ ತೊಲೆ, ಮಂಚಗಳಿಂದ ಸಿಗುವ ಮರಕ್ಕೂ ಬೆಲೆ ಬರುತ್ತದೆ. ಕಾಫಿ ಪೊಟ್ಟಣಗಳ ಬೆನ್ನಿನಲ್ಲಿ ನೆರಳಿನ ಮರಗಳ ಹೆಸರನ್ನು ನಾನು ಹುಡುಕುತ್ತೇನೆ. ಕೆಲವೇ ಕೆಲವರು ಬರೆಯುತ್ತಾರೆ, ಅದೂ ‘ನೆರಳಿನಲ್ಲಿ ಬೆಳೆದದ್ದು’ ಎಂದು ಒಂದೇ ಮಾತಿನಲ್ಲಿ. ಅತ್ತಿ, ನಂದಿ, ಬೀಟೆ ಎಂದು ಮರಗಳನ್ನು ಹೆಸರಿಸುವ ತೋಟದ ಬೀಜಕ್ಕೆ ಕಿಲೋಗೆ ನೂರು ರೂಪಾಯಿ ಹೆಚ್ಚು ಕೊಡಲು ನಾನು ತಯಾರಿದ್ದೇನೆ.