ದಿನಕ್ಕೊಂದು ವಚನ

1728ರ ಮೇ 3ರ ಸಂಜೆ, ಜರ್ಮನಿಯ ಪುಟ್ಟ ಊರು ಹೆರ್ನ್‌ಹುಟ್‌ನಲ್ಲಿ ಕೌಂಟ್ ಜಿನ್ಜೆಂಡಾರ್ಫ್ ಮೊರೇವಿಯನ್ ಕ್ರೈಸ್ತ ಸಭೆಗೆ ಮರುದಿನಕ್ಕೆಂದು ಒಂದು ಮಾತು ಹೇಳಿದರು. ಅದೇ ರೂಢಿಯಾಯಿತು. ಬೆಳಗಾದರೆ ಊರಿನ 32 ಮನೆಗಳಿಗೂ ಆ ದಿನದ ಮಾತನ್ನು ಬಾಗಿಲಿಗೇ ಹೋಗಿ ಮುಟ್ಟಿಸುತ್ತಿದ್ದರು. ಎಂಥ ಚೆಂದದ ಅಂಚೆ!

1731ರ ವರ್ಷಕ್ಕೆ ಅದು ಪುಸ್ತಕವಾಗಿ ಅಚ್ಚಾಯಿತು, ಹೆಸರು 'ಲೋಸುಂಗೆನ್'. ಈಗ ಅದರಲ್ಲಿ ಪ್ರತಿ ತಾರೀಕಿನಡಿ ಹಳೆಯ ಒಡಂಬಡಿಕೆಯ ಒಂದು ವಚನ, ಅದರ ಕೆಳಗೆ ಹೊಸ ಒಡಂಬಡಿಕೆಯದೊಂದು, ಕೊನೆಗೆ ಕೀರ್ತನೆಯ ಕೆಲವು ಸಾಲು ಇಲ್ಲವೇ ಪುಟ್ಟ ಪ್ರಾರ್ಥನೆ. ಕಾಫಿ ಆರುವುದರೊಳಗೆ ಓದಿ ಮುಗಿಯುತ್ತದೆ. ಮನಸ್ಸಿನಲ್ಲಿ ಮಾತ್ರ ದಿನವಿಡೀ ಉಳಿಯುತ್ತದೆ.

ನಿಜವಾದ ಕುಸುರಿ ಇರುವುದು ಎರಡನೇ ವಚನದಲ್ಲಿ. ಮೊದಲನೆಯದು ಚೀಟಿ ಎತ್ತಿ ಬಂದದ್ದು: ಸುಮಾರು 1,800 ವಚನಗಳ ರಾಶಿಯಿಂದ, ಹೆರ್ನ್‌ಹುಟ್‌ನಲ್ಲೇ, ಮೂರು ವರ್ಷ ಮುಂಚಿತವಾಗಿ. ಅಲ್ಲಿ ಯಾರ ಇಷ್ಟಾನಿಷ್ಟಕ್ಕೂ ಎಡೆಯಿಲ್ಲ. ಎರಡನೆಯದನ್ನು ಮನುಷ್ಯರು ಹುಡುಕಿ ಆರಿಸುತ್ತಾರೆ, ತಂಬೂರಿಯ ಶ್ರುತಿಗೆ ದನಿ ಕೂಡಿಸುವ ಹಾಗೆ. ವರ್ಷಕ್ಕೆ 365 ಸಲ! ಅಷ್ಟು ತಾಳ್ಮೆಯಿಂದ ಕಿವಿಗೊಡುವವರಿಗೆ ಕೈಮುಗಿಯಬೇಕು.

ನಾಜಿಗಳು ಗಲ್ಲಿಗೇರಿಸಿದ ಪಾದ್ರಿ ಡೀಟ್ರಿಚ್ ಬಾನ್‌ಹೋಫರ್ ಸೆರೆಮನೆಯಲ್ಲೂ ಈ ಪುಸ್ತಕವನ್ನು ಓದುತ್ತಿದ್ದರು.

ಇಂದು 50ಕ್ಕೂ ಹೆಚ್ಚು ಭಾಷೆಗಳಲ್ಲಿ ಇದು ಸಿಗುತ್ತದೆ. 1731ರಿಂದ ಒಂದು ವರ್ಷವೂ ತಪ್ಪಿಲ್ಲ.